ನೀಲಾ ಟೀಚರ್ ಹೇಳಿದ ನಿಜ

ವೀರೇಶನ ಮನೆಯ ಬೆಲ್ ಒತ್ತುವ ಮೊದಲು ನೀಲಾ ಫೆಬ್ರವರಿಯ ಚಳಿಯಲ್ಲಿ ಎರಡು ಸಲ ಬಾಗಿಲವರೆಗೆ ಬಂದು ಹಿಂತಿರುಗಿದ್ದಳು.

೨೦೦೪ರ ಮಾತು. ಅಮೆರಿಕದ ಲಿವೋನಿಯಾ ಕಡೆಯ ಸರ್ಕಾರಿ ಸ್ಕೂಲೊಂದರಲ್ಲಿ ಅವಳು ನಾಲ್ಕನೇ ಕ್ಲಾಸಿನ ಟೀಚರ್. ವೀರೇಶನ ಮಗಳು ಐಶ್ವರ್ಯ ಅವಳ ಕ್ಲಾಸಿನಲ್ಲೇ ಇದ್ದಳು. ತಾಯಿ ತೀರಿಕೊಂಡ ಮೇಲೆ ಆ ಹುಡುಗಿ ರಾಜ್ಯ ಸರ್ಕಾರ ಎಲ್ಲ ಸ್ಕೂಲುಗಳಿಗೂ ಇಡುವ ಟೆಸ್ಟ್ ಎಂದರೆ ಸಾಕು, ವಾಂತಿ ಮಾಡಿಕೊಳ್ಳುತ್ತಿದ್ದಳು. ಮಗಳು ಬರೆಯುವುದಿಲ್ಲವೆಂದು ವೀರೇಶ ಪತ್ರ ಕೊಟ್ಟಿದ್ದ. ಅವನನ್ನು ನೋಡಿ ಇನ್ನೂ ಆರು ಮನೆಯವರು ಕೊಟ್ಟರು. ನೂರರಲ್ಲಿ ತೊಂಬತ್ತೈದು ಮಕ್ಕಳಾದರೂ ಟೆಸ್ಟಿಗೆ ಕೂರದಿದ್ದರೆ ಸ್ಕೂಲಿಗೇ ಫೇಲ್ ಎಂಬ ಹಣೆಪಟ್ಟಿ. "ನಿಮ್ಮ ಕಡೆಯವರಲ್ಲವೇ, ಒಪ್ಪಿಸಿ" ಎಂದು ಪ್ರಿನ್ಸಿಪಾಲರು ಅವಳನ್ನೇ ಅಟ್ಟಿದ್ದರು.

ಚಹಾದ ಕಪ್ಪು ಕೊಡುವಾಗ ವೀರೇಶನ ಕಣ್ಣು ಅವಳ ಮುಖದಲ್ಲಿ ಒಂದು ಗಳಿಗೆ ಹೆಚ್ಚೇ ನಿಂತಿತು. ಅವಳು ತಲೆ ತಗ್ಗಿಸಿ ಗುಟುಕರಿಸಿದಳು.

"ಸಕ್ಕರಿ ಜಾಸ್ತಿ ಆತೇನ್ರಿ?"

"ನೀವು ಹಾಕೇ ಇಲ್ಲ."

ಇಬ್ಬರೂ ನಕ್ಕರು. ನಗು ಬೇಗ ಆರಿತು.

"ಐಶ್ವರ್ಯ ಟೆಸ್ಟ್ ಬರೀಲಿ ಅಂತ ಹೇಳೋಕೆ ಬಂದೆ."

"ಅದು ಟೀಚರ್ ಮಾತಾತು. ನೀಲಾ ಏನ್ ಹೇಳ್ತಾರ?"

ಮೆಟ್ಟಿಲ ಮೇಲೆ ಕುಳಿತ ಹುಡುಗಿ ಉಗುರು ಕಚ್ಚುತ್ತಿದ್ದಳು. ಬೆರಳ ತುದಿಯಲ್ಲಿ ರಕ್ತ ಕಂಡು ನೀಲಾ ಕಪ್ಪು ಕೆಳಗಿಟ್ಟಳು.

"ಕಳಿಸ್ಬೇಡಿ," ಎಂದಳು.

ಏಳು ಮಕ್ಕಳೂ ಬರೆಯಲಿಲ್ಲ. ಸ್ಕೂಲು ಫೇಲಾಯಿತು. "ಕಳಿಸಬೇಡಿ ಅಂದದ್ದು ನೀವೇನಾ?" ಎಂದು ಪ್ರಿನ್ಸಿಪಾಲರು ಕೇಳಿದಾಗ ನೀಲಾ ಸುಳ್ಳು ಹೇಳಲಿಲ್ಲ. ಅವಳ ಕೆಲಸ ಹೋಯಿತು. ಆ ಏಳು ಮನೆಯವರು ಮಾತ್ರ ಮಕ್ಕಳನ್ನು ಟೆಸ್ಟಿಗೆ ಒತ್ತಾಯಿಸಬಾರದೆಂದು ಸ್ಕೂಲ್ ಬೋರ್ಡಿನ ಮುಂದೆ ಇನ್ನೂ ಬಡಿದಾಡುತ್ತಿದ್ದರು.

ಜೂನ್‌ನಲ್ಲಿ ಅವಳು ಷಿಕಾಗೋಗೆ, ಡೆವನ್ ಅವೆನ್ಯೂ ಹತ್ತಿರದ ಅಕ್ಕನ ಮನೆಗೆ ಹೊರಟಳು. ವೀರೇಶ ಬಸ್ ಸ್ಟೇಷನ್ನಿಗೆ ಓಡಿಬಂದ.

"ಹೋಗಬ್ಯಾಡ್ರಿ. ನನ್ನ ಮದುವಿ ಆಗ್ರಿ."

"ಕೆಲಸ ಹೋಯ್ತು ಅಂತ ಪಾಪ ಅನ್ನಿಸ್ತಾ?"

"ಅಲ್ರಿ. ಪೇರೆಂಟ್ಸ್ ಮೀಟಿಂಗಿಗೆ ಯಾವಾಗ್ಲೂ ಕಡೇ ಟೈಮ್ ಕೇಳತಿದ್ದೆ. ನನ್ನ ಹಿಂದ ಯಾರೂ ಬರಬಾರ್ದು, ನಾ ಲಗೂನ ಏಳಬಾರ್ದು ಅಂತ."

ನೀಲಾಳ ಕಣ್ಣು ತುಂಬಿತು. "ನೀವು ಕೇಳೋಕೆ ಮುಂಚೇನೇ ನಿಮ್ಮ ಹೆಸರು ಆ ಕಡೇ ಟೈಮಿಗೆ ಬರೆದಿರ್ತಿದ್ದೆ."

"ಹಂಗಾರ ಇರ್ರಿ."

"ಈಗ ಮದುವೆ ಆದ್ರೆ, ಟೀಚರ್ ಪ್ರೀತಿಗೋಸ್ಕರ ಹೇಳಿದ್ಳು ಅಂತಾರೆ ಬೋರ್ಡಿನವರು. ಉಳಿದ ಆರು ಮನೆಯವರ ಮಾತೂ ಬಿದ್ದುಹೋಗುತ್ತೆ. ಮಕ್ಕಳನ್ನ ಮತ್ತೆ ಕೂರಿಸ್ತಾರೆ."

ವೀರೇಶ ಅವಳ ಬ್ಯಾಗನ್ನು ಬಸ್ಸಿನವರೆಗೂ ಹೊತ್ತು ತಂದ. ಕೊಡುವಾಗ ಬೆರಳಿಗೆ ಬೆರಳು ತಾಗಿತು. ಇಬ್ಬರೂ ಕೂಡಲೇ ಬಿಡಲಿಲ್ಲ.

"ಫೋನರ ಮಾಡ್ಲೇನ್ರಿ?"

"ಬೇಡ ವೀರೇಶ್. ನಿಮ್ಮ ದನಿ ಕೇಳಿದ್ರೆ ನಾನು ವಾಪಸ್ ಬಂದ್ಬಿಡ್ತೀನಿ."