ಶನಿವಾರದ ಸೌನಾ

ಭಾನುವಾರ ಬೆಳಿಗ್ಗೆ ಕೈಸು ಮೊಯ್ಲಾನೆನ್ ತಂಗಿಯ ಮನೆಯಿಂದ ವಾಪಸು ಬಂದಾಗ ಹಿತ್ತಿಲಿನ ಸೌನಾ, ಒಲೆ ಕಾಯಿಸಿ ಬಿಸಿ ಹಬೆಯಲ್ಲಿ ಕೂರುವ ಮರದ ಸ್ನಾನದ ಮನೆ, ಅರ್ಧ ಸುಟ್ಟು ನಿಂತಿತ್ತು. ಸರೋವರದ ಕಡೆಯ ಗೋಡೆ ಇರಲೇ ಇಲ್ಲ. ಚಾವಣಿಯ ಹಿಮ ಜಾರಿ ಬಿದ್ದು ಬೆಂಕಿಯನ್ನು ತಾನಾಗಿಯೇ ಆರಿಸಿತ್ತು. ಇಲ್ಲದಿದ್ದರೆ ಒಂದು ತೊಲೆಯೂ ಉಳಿಯುತ್ತಿರಲಿಲ್ಲ.

ಮನೆ ಕೊಳ್ಳುವವರು ಸಹಿ ಹಾಕಲು ಅಂದೇ ಬರಬೇಕಿತ್ತು. ಬಂದರು. ಕಪ್ಪು ತೊಲೆಗಳನ್ನು ನೋಡಿದರು. ಯೋಚಿಸಿ ಹೇಳುತ್ತೇವೆ ಎಂದು ಕಾರು ತಿರುಗಿಸಿದರು.

ಪೊಲೀಸ್ ಅಧಿಕಾರಿ ಐಲಾ ಸಾರ್ಕ್ಕಾ ಅಲ್ಲಿಗೆ ಬರುವಷ್ಟರಲ್ಲಿ ಅಗ್ನಿಶಾಮಕ ದಳದ ಓಸ್ಮೊ ತೀರ್ಪು ಕೊಟ್ಟಾಗಿತ್ತು.

"ಒಲೆ ಬೂದಿ ಆರೋ ಮುಂಚೆ ರಟ್ಟಿನ ಪೆಟ್ಟಿಗೆಗೆ ತುಂಬಿ ಗೋಡೆ ಪಕ್ಕ ಇಟ್ಟಿದ್ದಾಳೆ. ಪ್ರತಿ ಚಳಿಗಾಲ ಒಬ್ರಲ್ಲ ಒಬ್ರು ಇದನ್ನ ಮಾಡ್ತಾರೆ."

"ನಿನ್ನೆ ನಾನು ಸೌನಾ ಕಾಯ್ಸೇ ಇಲ್ಲ ಕಣೋ!" ಎಂದಳು ಕೈಸು. "ಇವತ್ತು ಜನ ಬರ್ತಾರೆ ಅಂತ ಹಲಗೆಯೆಲ್ಲ ತಿಕ್ಕಿ ತೊಳ್ದಿಟ್ಟಿದ್ದೆ. ಸ್ನಾನಕ್ಕೆ ತಂಗಿ ಮನೆಗೆ ಹೋಗಿದ್ದೆ."

"ಶನಿವಾರ ಸೌನಾ ಕಾಯ್ಸಿಲ್ವಂತೆ ಕೇಳಿ!" ಓಸ್ಮೊ ನಕ್ಕ.

ನಗುವಂಥ ಮಾತೇ. ಕೊಯ್ವುನಿಯೆಮಿ ಊರಿನಲ್ಲಿ ಶನಿವಾರ ಸೌನಾ ಕಾಯಿಸದವರು ಒಂದೋ ಆಸ್ಪತ್ರೆಯಲ್ಲಿರುತ್ತಾರೆ, ಇಲ್ಲವೇ ಮಸಣದಲ್ಲಿ. ನಿಜ ಹೇಳಬೇಕೆಂದರೆ ಐಲಾಗೂ ನಂಬಿಕೆ ಬರಲಿಲ್ಲ. ತಂಗಿ ಅಕ್ಕನ ಪರವಾಗಿ ಹೇಳದೆ ಇನ್ನೇನು ಹೇಳಿಯಾಳು?

ಐಲಾ ಒಳಗೆ ಇಣುಕಿದಳು. ಒಲೆಯ ಬೂದಿ ತಟ್ಟೆ ತೊಳೆದಿಟ್ಟಂತಿತ್ತು. ಕೂರುವ ಹಲಗೆಗಳು ಮಸಿ ಹಿಡಿದಿದ್ದರೂ ಸಾಲಾಗಿ, ಎಲ್ಲೂ ಎಡೆ ಬಿಡದೆ ಕೂತಿದ್ದವು. ಹೊರಗೆ ಬಂದು, ಬೆಂಕಿ ಹತ್ತಿದ ಜಾಗದಲ್ಲಿ ಬೂಟಿನಿಂದ ಹಿಮ ಕೆದಕಿದಳು. ಅರ್ಧ ಸುಟ್ಟ ಹಲಗೆಯೊಂದು ಸಿಕ್ಕಿತು. ಒಂದು ಮುಖ ನುಣ್ಣಗಿತ್ತು. ಸ್ಕ್ರೂ ತೂತುಗಳೆಲ್ಲ ಇನ್ನೊಂದು ಮುಖದಲ್ಲಿದ್ದವು.

"ಸೌನಾ ಹಲಗೆ ಅದು," ಎಂದ ಓಸ್ಮೊ. "ಬರಿ ಮೈಗೆ ಕಾದ ಕಬ್ಬಿಣ ತಾಗಬಾರದು ಅಂತ ಸ್ಕ್ರೂನ ಅಡಿಯಿಂದ ಹೊಡೀತಾರೆ. ಸುಟ್ಟಿರೋ ಸೌನಾ ಹತ್ರ ಸೌನಾ ಹಲಗೆ ಸಿಗದೆ ದೋಣಿ ಹುಟ್ಟು ಸಿಗುತ್ತಾ?"

ಐಲಾ ಅದನ್ನು ಚೀಲಕ್ಕೆ ಹಾಕಿಕೊಂಡಳು.

ಅಷ್ಟರಲ್ಲಿ ಕೈಸುಗೆ ಫೋನು ಬಂತು. ಅವಳು ಓಡಿಸುವ ಶಾಲಾ ಬಸ್ಸಿನ ಮಾಲೀಕ. ವಿಚಾರಣೆ ಮುಗಿಯುವವರೆಗೆ ಬಸ್ಸಿನ ಕೀಲಿ ತಂದುಕೊಡು ಎಂದ.

"ಬೂದಿ ಎಲ್ಲಿ ಇಟ್ಟೆ ಅನ್ನೋದೇ ಮರೆಯೋಳ ಕೈಗೆ ಮಕ್ಕಳನ್ನ ಹೇಗೆ ಕೊಡೋದು ಅಂತಿದ್ದಾನೆ," ಎಂದಳು ಕೈಸು. "ಮನೆ ಹೋದ್ರೆ ಹೋಗ್ಲಿ ಐಲಾ. ಆ ಬಸ್ಸು ಬಿಟ್ಟು ನನಗೇನಿದೆ ಹೇಳು?"

\*\*\*

ಪಕ್ಕದ ಮನೆ ಇಲ್ಪೊ ತಾಸ್ಕಿನೆನ್‌ನದು. ಎರಡೂ ಮನೆಗಳನ್ನು ಒಂದೇ ಕಾಲದಲ್ಲಿ, ಒಂದೇ ನಕ್ಷೆಯಲ್ಲಿ ಕಟ್ಟಿದ್ದು. ಈಗ ಹಾಗೆ ಹೇಳಿದರೆ ಯಾರೂ ನಂಬುವುದಿಲ್ಲ. ಇಲ್ಪೊ ಅಡುಗೆಮನೆಯ ಇಟ್ಟಿಗೆ ಒಲೆ ಕೆಡವಿಸಿದ್ದ. ಉತ್ತರಕ್ಕೆ ಗೋಡೆಯುದ್ದ ಗಾಜು ಹಾಕಿಸಿದ್ದ. ಕಾರು ನಿಲ್ಲಿಸುವ ಶೆಡ್ಡು ವ್ಯಾಯಾಮದ ಕೋಣೆಯಾಗಿತ್ತು, ಕಾರು ಹೊರಗೆ ಹಿಮದಲ್ಲಿ ಹೂತು ನಿಂತಿತ್ತು. ಐಲಾ ಬಾಗಿಲಲ್ಲಿ ಬೂಟು ಬಿಚ್ಚಿದಳು. ನೆಲ ಥಣ್ಣಗೆ ಕೊರೆಯಿತು.

"ಪತ್ರಿಕೇಲಿ ನೋಡಿ ಮಾಡಿಸಿದ್ದು," ಎಂದ ಇಲ್ಪೊ. "ಇದನ್ನ ನೋಡಿ, ಬಟ್ಟೆ ಕೋಣೆ! ಇಡೀ ಊರಲ್ಲಿ ಯಾರ ಮನೇಲೂ ಇಲ್ಲ."

ಹಿತ್ತಿಲಲ್ಲಿ ಮನೆಗೆ ಸೇರಿಸಿ ಜೋಡಿಸಿದ, ಕಿಟಕಿಯಿಲ್ಲದ ಉದ್ದನೆಯ ಕೋಣೆ. ನೆಲದ ಮಧ್ಯೆ ನೀರು ಹೋಗುವ ಜಾಲರಿ. ಗೋಡೆಯುದ್ದಕ್ಕೂ ಮರದ ಹಲಗೆ, ಅದರ ಮೇಲೆ ಮಡಿಸಿದ ಶರ್ಟುಗಳು. ಒಂದು ಕಡೆ ಮಾತ್ರ ಬರಿಯ ಕಬ್ಬಿಣದ ಆನಿಕೆಗಳಿದ್ದವು, ಅಲ್ಲಿನ ಸ್ವೆಟರುಗಳು ನೆಲದ ಮೇಲೆ ಗುಡ್ಡೆಯಾಗಿದ್ದವು.

"ಮನೆ ಮಾರಾಟಕ್ಕಿಟ್ಟು ಬಹಳ ದಿನ ಆಯ್ತಲ್ಲ?"

"ಇಲ್ಲಿಯ ಜನಕ್ಕೆ ರುಚಿ ಇಲ್ಲ." ಇಲ್ಪೊನ ಮುಖ ಹುಳ್ಳಗಾಯಿತು. "ಕೈಸು ಮನೆ ಒಪ್ಕೊಂಡ್ರಲ್ಲ, ಅವ್ರು ಮೊದ್ಲು ನೋಡಿದ್ದು ನನ್ನದನ್ನೇ. ಈಗ ಮತ್ತೆ ಇಲ್ಲಿಗೇ ಬರ್ತಾರೆ ಬಿಡಿ."

ಬೆಂದ ಮನೆಯಲ್ಲಿ ಗಳ ಹಿರಿಯುವವರು ಎಲ್ಲ ಊರಲ್ಲೂ ಇರುತ್ತಾರೆ. ಅದೇನೂ ಅಪರಾಧವಲ್ಲ.

"ನಿನ್ನೆ ಸಂಜೆ ಎಲ್ಲಿದ್ರಿ?"

"ಇಲ್ಲೇ. ಭಾವ ರೇಯೊ ಬಂದಿದ್ದ. ರಾತ್ರಿವರೆಗೂ ಜೊತೇಲೇ ಇದ್ವಿ. ಬೇಕಾದ್ರೆ ಕೇಳಿ."

ಐಲಾ ಕೇಳಿದಳು. ರೇಯೊನ ಮನೆ ದಕ್ಷಿಣದ ಪಟ್ಟಣದಲ್ಲಿ. ಫೋನಿನಲ್ಲಿ ಧಾರಾಳವಾಗಿ ಮಾತಾಡಿದ.

"ಹೌದು, ಅವನ ಮನೇಲೇ ಇದ್ದೆ. ಶನಿವಾರ ಸಂಜೆ ಗಂಡಸರು ಏನ್ಮಾಡ್ತಾರೆ? ಸೌನಾ ಕಾಯಿಸಿದ್ವಿ. ಬಿಯರ್ ಕುಡಿದ್ವಿ. ಇಬ್ರೂ ಬರಿ ಮೈಲಿ ಕೂತಿದ್ವಿ, ಬೆಂಕಿ ಹಚ್ಚಕ್ಕೆ ಯಾರು ಹೋಗ್ತಾರೆ ಹೇಳಿ!"

ಐಲಾ ಥ್ಯಾಂಕ್ಸ್ ಹೇಳಿ ಫೋನಿಟ್ಟಳು. ಆ ಮಾತು ಬೆಣ್ಣೆಯ ಹಾಗೆ ಸಲೀಸಾಗಿ ಇಳಿದುಬಿಟ್ಟಿತ್ತು.

\*\*\*

ಸೋಮವಾರ ಮಧ್ಯಾಹ್ನ ಐಲಾ ತನ್ನ ಮನೆಯ ಒಲೆಗೆಂದು ಕೊಟ್ಟಿಗೆಯಿಂದ ಸೌದೆ ತರಲು ಹೋದಳು. ಬರ್ಚ್ ಮರದ ಸೀಳು, ಎರಡು ಬೇಸಿಗೆ ಒಣಗಿದ್ದು. ತೋಳು ತುಂಬ ಹೊತ್ತುಕೊಂಡವಳು ಹಾಗೇ ನಿಂತಳು.

ಬೆಂಕಿ ಹಚ್ಚುವವನಿಗೆ ಒಣ ಸೌದೆ ಬೇಕು. ಈ ಊರಲ್ಲಿ ಅದು ಎಲ್ಲರ ಹಿತ್ತಿಲಲ್ಲೂ ಇದೆ. ಹಾಗಿದ್ದ ಮೇಲೆ ಸೌನಾ ಹಲಗೆಯನ್ನು ಯಾರು ಯಾಕೆ ಸುಡುತ್ತಾರೆ?

ಸೌದೆಯೇ ಇಲ್ಲದವನು ಸುಡುತ್ತಾನೆ.

ಮರುಕ್ಷಣವೇ ರೇಯೊನ ಮಾತು ನೆನಪಾಯಿತು. ಐಲಾ ತನ್ನನ್ನೇ ಬೈದುಕೊಂಡಳು. ಸೌದೆಯನ್ನು ಅಲ್ಲೇ ಕೆಡವಿ ಕಾರಿನತ್ತ ನಡೆದಳು.

\*\*\*

"ಬಟ್ಟೆ ಕೋಣೆ ಇನ್ನೊಂದ್ಸಲ ನೋಡ್ಬೇಕಿತ್ತು," ಎಂದಳು. ಇಲ್ಪೊ ಖುಷಿಯಿಂದಲೇ ಬಾಗಿಲು ತೆರೆದ.

ಐಲಾ ಚೀಲದಿಂದ ಸುಟ್ಟ ಹಲಗೆ ತೆಗೆದು ಖಾಲಿ ಆನಿಕೆಯ ಮೇಲಿಟ್ಟಳು. ಪಕ್ಕದ ಹಲಗೆಯಷ್ಟೇ ಅಗಲ, ಅಷ್ಟೇ ದಪ್ಪ. ಅಡಿಯ ಹಳೆಯ ತೂತುಗಳೂ ಒಂದೇ ಅಂತರದಲ್ಲಿದ್ದವು.

"ಈ ಕೋಣೆನೇ ನಿಮ್ಮ ಹಳೇ ಸೌನಾ, ನೀರಿನ ಜಾಲರಿ ಇನ್ನೂ ಇದೆ. ಈ ಹಲಗೆ ಅದರದ್ದೇ. ಕಿತ್ತು ಶರ್ಟಿಡಕ್ಕೆ ಜೋಡಿಸ್ಕೊಂಡ್ರಿ."

"ಇಂಥಾ ಹಲಗೆ ಎಲ್ಲರ ಮನೇಲೂ ಇರುತ್ತೆ! ಕೈಸು ಸೌನಾದ್ದೇ ಇರ್ಬೇಕು!"

"ಕೈಸು ಸೌನಾದಲ್ಲಿ ಒಂದು ಹಲಗೆನೂ ಕಮ್ಮಿಯಿಲ್ಲ."

"ರೇಯೊ ಹೇಳ್ಲಿಲ್ವಾ? ನಾನು ಅವನ ಜೊತೆ..."

"ಹೇಳ್ದ. ಇಬ್ರೂ ಇಲ್ಲಿ ಸೌನಾ ಕಾಯಿಸಿದ್ರಂತೆ." ಐಲಾ ಸುತ್ತ ಕಣ್ಣಾಡಿಸಿದಳು. "ಎಲ್ಲಿ ಇಲ್ಪೊ? ಈ ಸ್ವೆಟರುಗಳ ಮಧ್ಯೆ ಕೂತ್ಕೊಂಡಾ?"

ಇಲ್ಪೊ ನೆಲದಿಂದ ಒಂದು ಸ್ವೆಟರು ಎತ್ತಿ ಮಡಿಸತೊಡಗಿದ.

"ಮನೆ ಹೀಗೆ ಮಾಡಿಸಿದ್ಮೇಲೆ ನಿಮ್ಮ ಭಾವ ಇಲ್ಲಿಗೆ ಬಂದೇ ಇಲ್ಲ. ಮನೆ ಅಂದ್ಮೇಲೆ ಸೌನಾ ಇದ್ದೇ ಇರುತ್ತೆ ಅಂದ್ಕೊಂಡು ಸುಳ್ಳು ಹೇಳ್ಬಿಟ್ಟ. ನಾನೂ ನಂಬಿಬಿಟ್ಟೆ, ನಮ್ಮ ಹಣೆಬರಹ. ಕೈಸು ನಿಜ ಹೇಳಿದ್ಲು, ಅದನ್ನ ಒಬ್ರೂ ನಂಬ್ಲಿಲ್ಲ."

ಇಲ್ಪೊ ಸ್ವೆಟರುಗಳ ಗುಡ್ಡೆಯ ಮೇಲೆ ಕುಸಿದು ಕೂತ.

"ಬರೋರೆಲ್ಲ ಮೊದ್ಲು ಕೇಳೋದೇ ಸೌನಾ ಎಲ್ಲಿ ಅಂತ," ಎಂದ. "ಆಮೇಲೆ ಒಲೆ ಎಲ್ಲಿ, ಕಾರು ಎಲ್ಲಿ ನಿಲ್ಸೋದು ಅಂತ. ಆಮೇಲೆ ಬೇಲಿ ಆಚೆ ನೋಡೋರು. ಅವಳ ಮನೇಲಿ ಎಲ್ಲ ಇತ್ತು. ಅದರದ್ದೂ ಸೌನಾ ಹೋದ್ರೆ ಎರಡೂ ಮನೆ ಸಮ ಆಗುತ್ತೆ ಅನ್ಸ್ತು. ಪೇಪರು, ರಟ್ಟು ಹಚ್ಚಿದ್ರೆ ಹಿಮದಲ್ಲಿ ಆರಿಹೋಯ್ತು. ಒಣಗಿದ ಮರ ಬೇಕಿತ್ತು. ಅವಳ ಸೌದೆ ಕೊಟ್ಟಿಗೆಗೆ ಬೀಗ, ನನ್ನ ಮನೇಲಿ ಒಂದು ಚಕ್ಕೆನೂ ಇರ್ಲಿಲ್ಲ."

"ಒಲೆ ಕೆಡವದೇ ಇದ್ದಿದ್ರೆ ಇರ್ತಿತ್ತು," ಎಂದಳು ಐಲಾ. "ಕೋಟು ಹಾಕ್ಕೊಳ್ಳಿ."

\*\*\*

ವಿಷಯ ಕೇಳಿ ಕೈಸು ಅಡುಗೆಮನೆಯ ಒಲೆಗೆ ಬೆನ್ನು ಕೊಟ್ಟು ನಿಂತು ಅತ್ತುಬಿಟ್ಟಳು. ಆಮೇಲೆ ಕಾಫಿ ಬಗ್ಗಿಸಿದಳು.

"ಕೊಳ್ಳೋರು ಫೋನ್ ಮಾಡಿದ್ರು. ಗೋಡೆ ಕಟ್ಟಿಸಿಕೊಟ್ರೆ ಬರ್ತಾರಂತೆ. ಓಸ್ಮೊನೂ ಮಾಡಿದ್ದ, ತಾನೇ ಬಂದು ತೊಲೆ ಕೂರಿಸ್ತಾನಂತೆ. ಕ್ಷಮಿಸು ಅನ್ನೋಕೆ ಬಾಯಿ ಬರ್ಲಿಲ್ಲ, ಅದಕ್ಕೆ ತೊಲೆ."

"ನಾನೂ ನಂಬಿರ್ಲಿಲ್ಲ ಕೈಸು," ಎಂದಳು ಐಲಾ.

"ಗೊತ್ತಿತ್ತು ಬಿಡು. ನಿನ್ನ ಮುಖದಲ್ಲೇ ಕಾಣ್ತಿತ್ತು." ಕೈಸು ಬಿಸ್ಕತ್ತಿನ ತಟ್ಟೆಯನ್ನು ಅವಳ ಕಡೆ ತಳ್ಳಿದಳು.

ಮಾರನೆಯ ಬೆಳಿಗ್ಗೆ ಐಲಾ ಠಾಣೆಗೆ ಹೋಗುವಾಗ ಶಾಲಾ ಬಸ್ಸು ಎದುರಾಯಿತು. ಹಿಮ ಸರಿಸಿದ ರಸ್ತೆ ಇಕ್ಕಟ್ಟಾಗಿತ್ತು. ಐಲಾ ಕಾರನ್ನು ಬದಿಗೆ ನಿಲ್ಲಿಸಿ ದಾರಿ ಬಿಟ್ಟಳು. ಕೈಸು ಹಾರ್ನ್ ಬಾರಿಸಿ, ಮಕ್ಕಳ ಗಲಾಟೆಯ ಸಮೇತ ಮುಂದೆ ಹೋದಳು.