‘ಬಿಡು’ ಎಂದು ಕೂಗಿದವಳು

“ನನ್ನ ಮಗಳು ಗೆಳತಿಯ ತಲೆ ಒಡೆಯೋಳಲ್ಲ ಬಂಗಾರಕ್ಕ! ಸಂಜೆಯೊಳಗೆ ಅವಳ ಮೇಲೆ ಕೇಸ್ ಹಾಕ್ತಾರಂತೆ!”

ಭದ್ರಾವತಿಯಿಂದ ಓಡಿಬಂದಿದ್ದ ಕರಿಬಸಮ್ಮ ವಿನೋಬನಗರದ ನಮ್ಮ ಮನೆ ಮೆಟ್ಟಿಲ ಮೇಲೆ ಕುಸಿದಳು. ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಬಂಗಾರಮ್ಮ ಮಹಡಿಯ ಬಾಡಿಗೆದಾರಳು, ಬೆಳಗಿನ ಷಟಲ್ ಆಟದಲ್ಲಿ ನನ್ನ ಜೋಡಿ.

ಕರಿಬಸಮ್ಮನ ಮಗಳು ಇಂಪನಾ ಮತ್ತು ಕವನ ಕಾಲೇಜಿನ ಡಬಲ್ಸ್ ಜೋಡಿ. ಆ ಬೆಳಿಗ್ಗೆ ಮಾಚೇನಹಳ್ಳಿಯ ಷಟಲ್ ಶೆಡ್ಡಿನಲ್ಲಿ ಕೋಚ್ ಯೋಗರಾಜ್ ವಿರುದ್ಧ ಆಡಿ ಅಭ್ಯಾಸ ಮಾಡುವಾಗ ಕವನಾಳ ತಲೆಯ ಹಿಂಭಾಗಕ್ಕೆ ರ್‍ಯಾಕೆಟ್ಟಿನ ಏಟು ಬಿದ್ದಿತ್ತು. ಜೀವಕ್ಕೆ ಭಯವಿರಲಿಲ್ಲ, ಆದರೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ. ಇಂಪನಾ “ನನ್ನಿಂದಲೇ ಆಯ್ತು” ಎಂದಷ್ಟೇ ಅಳುತ್ತಿದ್ದಳು. ಪೊಲೀಸರು ಅದನ್ನೇ ತಪ್ಪೊಪ್ಪಿಗೆ ಅಂದುಕೊಂಡಿದ್ದರು. ನನಗೆ ಮೈ ಉರಿಯಿತು.

ನಾನೂ ಬಂಗಾರಮ್ಮನೂ ಶೆಡ್ಡಿಗೆ ಹೋದೆವು. ವಾಚ್‌ಮನ್ ಕಲ್ಲಪ್ಪ ಹೇಳಿದ: “ಹೊರಗೆ ಗುಡಿಸ್ತಿದ್ದೆ ತಾಯಿ. ‘ಬಿಡು, ಬಿಡು’ ಅಂತ ಇಂಪನಾ ಕೂಗಿದ್ಲು. ಆಮೇಲೆ ಚೀರಾಟ. ಓಡಿಬಂದೆ. ಕವನ ಹಿಂದಿನ ಗೆರೆ ಹತ್ರ ಬಿದ್ದಿದ್ಲು, ಗೆರೆ ಮೇಲೆ ಷಟಲ್.”

“ಜಗಳ ಆಡ್ತಿದ್ರು ಮೇಡಂ,” ಎಂದ ಯೋಗರಾಜ್. “ಕವನ ಮುಂದೆ, ನೆಟ್ ಹತ್ರ ಇದ್ಲು. ಇಂಪನಾ ಹಿಂದಿನಿಂದ ಬೀಸಿದ್ಲು.”

ಬಂಗಾರಮ್ಮ ಮಧ್ಯಾಹ್ನ ಇನ್‌ಸ್ಪೆಕ್ಟರ್, ಇಂಪನಾ, ಕರಿಬಸಮ್ಮ, ಕವನಾಳ ತಾಯಿ ಶೀಲಾ, ಯೋಗರಾಜ್ ಎಲ್ಲರನ್ನೂ ಶೆಡ್ಡಿನ ಷಟಲ್ ಕೋರ್ಟಿಗೇ ಕರೆಸಿದಳು.

“ಜಗಳದಲ್ಲಿ ‘ಬಿಡು’ ಅನ್ನೋದು ಏಟು ತಿನ್ನೋರು. ಇಲ್ಲಿ ಕೂಗಿದ್ದು ಇಂಪನಾ. ಡಬಲ್ಸ್‌ನಲ್ಲಿ ‘ಬಿಡು’ ಅಂದ್ರೆ ಷಟಲ್ ಹೊರಗೆ ಹೋಗುತ್ತೆ, ಮುಟ್ಬೇಡ ಅಂತ. ಮುಂದಿದ್ದ ಇಂಪನಾ ಕೂಗಿದ್ಲು, ಹಿಂದಿದ್ದ ಕವನ ಬಿಟ್ಲು. ಅದು ಗೆರೆ ಮೇಲೇ ಬಿತ್ತು, ಅಂದ್ರೆ ಒಳಗೇ, ಪಾಯಿಂಟ್ ಹೋಯ್ತು. ಕವನ ನೆಟ್ಟಿಗೆ ಬೆನ್ನು ಮಾಡಿ ಗೆರೆ ನೋಡಿದ್ಲು, ಆಗಲೇ ನೆಟ್ ಕಡೆಯಿಂದ ಏಟು ಬಿತ್ತು. ಯೋಗರಾಜ್, ನೆಟ್ ಹತ್ರ ಏಟು ತಿಂದೋಳು ಹಿಂದಿನ ಗೆರೆ ಹತ್ರ ಹೆಂಗ್ರೀ ಬಿದ್ಲು? ತಪ್ಪನ್ನ ಇಂಪನಾ ಮೇಲೆ ಹಾಕೋಕೆ ಇಬ್ಬರ ಜಾಗನೇ ಬದಲಾಯಿಸಿಬಿಟ್ರಿ. ಕೋರ್ಟಲ್ಲಿದ್ದೋರು ಮೂವರು, ಸುಳ್ಳು ಹೇಳಿದ್ದು ನೀವೊಬ್ರೇ.”

ಇಂಪನಾ ಬಿಕ್ಕಿದಳು. “ನಾನು ತಪ್ಪಾಗಿ ‘ಬಿಡು’ ಅಂದೆ. ಅದಕ್ಕೇ ಸರ್ ನೆಟ್ ದಾಟಿ ಬಂದು ಅವಳಿಗೆ…”

“ತಪ್ಪು ಕೂಗಿದ್ರೆ ಒಂದು ಪಾಯಿಂಟ್ ಹೋಗುತ್ತೆ ಕಣೇ. ತಲೆ ಒಡೆದಿದ್ದು ಇವನ ಕೈ!” ಬಂಗಾರಮ್ಮನ ದನಿ ಶೆಡ್ಡಿನ ತಗಡಿಗೆ ಬಡಿಯಿತು.

ಶೀಲಾ ಕೈಯೆತ್ತಿ ಅವನ ಮೇಲೆ ನುಗ್ಗಿದಳು. ನಾನು ತಡೆಯಲಿಲ್ಲ, ಎರಡು ಬೀಳಲಿ ಎಂದೇ ನಿಂತಿದ್ದೆ.

“ನಾಲ್ಕು ಬಾರಿಸಿಯಾದ್ರೂ ಗೆಲ್ಲಿಸಿ ಸರ್ ಅಂದಿದ್ದು ಯಾರು?” ಎಂದು ಯೋಗರಾಜ್ ಅರಚಿದ. “ನೀವಿಬ್ರು ತಾಯಂದಿರೇ ಅಂದಿದ್ರಿ!”

ಶೀಲಾಳ ಕೈ ಗಾಳಿಯಲ್ಲೇ ನಿಂತಿತು. ಇಂಪನಾ ತಾಯಿಯ ಮುಖ ನೋಡಿದಳು. ಕರಿಬಸಮ್ಮ ತಲೆ ಎತ್ತಲಿಲ್ಲ.