ಅಜ್ಜಿಯ ಕೊರಳಿನ ಬಾವು

"ಅಯ್ಯಯ್ಯೋ, ಶಿವಶಿವಾ! ಯಾರಬೇ ಅದು?"

ಮಧ್ಯಾಹ್ನದ ನಿದ್ದೆಯಲ್ಲಿದ್ದ ಅಜ್ಜಿ ಚೀರಿಕೊಂಡು ಎದ್ದು ಕೂತಳು. ರತ್ನಿ ಗಾಬರಿಯಿಂದ ಹಿಂದಕ್ಕೆ ಹಾರಿದಳು. ಅಜ್ಜಿಯ ಕೊರಳಿಗೆ ಅವಳು ಸದ್ದಿಲ್ಲದೆ ಹಾಕುತ್ತಿದ್ದ ಬಂಗಾರದ ಸರ ಜಾರಿ ಹಾಸಿಗೆಯ ಮೇಲೆ ಬಿತ್ತು. ಸರದ ಕೊಂಡಿ ಸಿಕ್ಕಿಸುವಾಗ ಅವಳ ಬೆರಳು ಅಜ್ಜಿಯ ಗದ್ದದ ಕೆಳಗಿನ ಗಂಟನ್ನು ಜೋರಾಗಿ ಒತ್ತಿಬಿಟ್ಟಿತ್ತು.

ಅಡುಗೆಮನೆಯಿಂದ ಅವ್ವ ಸೌಟು ಹಿಡಿದುಕೊಂಡೇ ಓಡಿ ಬಂದಳು.

"ನನ್ನ ಸರ! ಅಲ್ಮಾರಿ ಕೀಲಿ ಎಲ್ಲಿ ಸಿಕ್ತು ನಿನಗ? ರಾತ್ರಿ ಪೂರಾ ಅಜ್ಜಿ ನಿದ್ದಿ ಮಾಡಿಲ್ಲ, ಈಗರ ಒಂಚೂರು ಕಣ್ಣು ಹತ್ತಿತ್ತು. ಒಂದು ಕಡಿ ಸುಮ್ಮನ ಕೂಡಾಕ ಆಗಂಗಿಲ್ಲೇನು?"

ಆಗುವುದಿಲ್ಲ. ರತ್ನಿ ಸುಮ್ಮನೆ ಕೂಡುವ ಜೀವವೇ ಅಲ್ಲ. ನಾಗರತ್ನಾ ಅಂತ ಹಾಜರಿ ಪುಸ್ತಕದಲ್ಲಿ ಬರೆಸಿಕೊಂಡ ಈ ಐದನೇ ಕ್ಲಾಸಿನ ಹುಡುಗಿ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಆದರೆ ಈ ಸಲ ಅವಳು ಚೇಷ್ಟೆ ಮಾಡಲು ಹೋಗಿರಲಿಲ್ಲ. ಯಾಕೆ ಹಾಗೆ ಮಾಡಿದೆ ಅಂತ ಹೇಳದೆ ಅಂಗಳಕ್ಕೆ ಓಡಿದಳು.

ಸಂಗತಿ ಶುರುವಾಗಿದ್ದು ಹಿಂದಿನ ದಿನ, ಶುಕ್ರವಾರದ ಸೈನ್ಸ್ ಪಿರಿಯಡ್‌ನಲ್ಲಿ.

"ಮಂಪ್ಸ್, ಅಂದರೆ ಗದ್ದಬಾವು, ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಕೆಮ್ಮಿದರೆ ಹರಡುತ್ತದೆ, ಸೀನಿದರೆ ಹರಡುತ್ತದೆ, ಎಂಜಲಿನಿಂದಲೂ ಹರಡುತ್ತದೆ," ಎಂದು ಟೀಚರ್ ಬೋರ್ಡಿನ ಮೇಲೆ ಬರೆದರು.

ರತ್ನಿಯ ಎದೆ ಧಸಕ್ಕೆಂದಿತು. ಹೋದ ಬೇಸಿಗೆಯಲ್ಲಿ ಅವಳಿಗೆ ಗದ್ದಬಾವು ಬಂದಿತ್ತು. ಎರಡೂ ಕೆನ್ನೆ ಊದಿ ಮುಖ ಕುಂಬಳಕಾಯಿ ಆಗಿತ್ತು. ಆಗ ಅಜ್ಜಿಯೇ ಹಗಲೂ ರಾತ್ರಿ ಪಕ್ಕದಲ್ಲಿ ಕೂತಿದ್ದಳು. ಬಂಗಾರ ಮೈಮೇಲಿದ್ದರೆ ಬಾವು ಇಳಿಯುತ್ತದೆ ಎಂದು ಅವ್ವನ ಸರವನ್ನು ರತ್ನಿಯ ಕೊರಳಿಗೆ ಹಾಕಿದ್ದಳು. ಚಮಚದಿಂದ ಗಂಜಿ ಕುಡಿಸಿದ್ದಳು. ಬಟ್ಟಲಲ್ಲಿ ಉಳಿದ ಗಂಜಿ ಚೆಲ್ಲಬಾರದೆಂದು ಅದೇ ಚಮಚದಿಂದ ತಾನೂ ಕುಡಿದಿದ್ದಳು.

ಈಗ ಅಜ್ಜಿಯ ಗದ್ದದ ಕೆಳಗೆ, ಕುತ್ತಿಗೆಯ ಎರಡೂ ಬದಿಗೆ, ಕಂಕುಳಲ್ಲಿ ಗಂಟುಗಳೆದ್ದಿದ್ದವು. ಕೆಲವು ಹುಣಸೆಬೀಜದಷ್ಟು, ಕೆಲವು ಅಡಿಕೆಯಷ್ಟು. ಹೊರಳಿದರೂ ನೋವು, ನುಂಗಿದರೂ ನೋವು. "ಅಜ್ಜಿಗೆ ಏನಾಗೇದ?" ಎಂದು ಕೇಳಿದರೆ ಅವ್ವ, "ರಕ್ತದ ತೊಂದ್ರಿ. ನಿನಗ ತಿಳಿಯಂಗಿಲ್ಲ, ಹೋಗು," ಎನ್ನುತ್ತಿದ್ದಳು.

ರತ್ನಿಗೆ ಈಗ ತಿಳಿದುಹೋಯಿತು. ಆದರೂ ಒಂದು ಆಸೆಯಿಂದ ಬೆಂಚಿನ ಗೆಳತಿ ಜಬೀನ್‌ಳನ್ನು ಮೆಲ್ಲಗೆ ಕೇಳಿದಳು.

"ಲೇ ಜಬೀನ್, ಒಂದು ವರ್ಷ ಆದಮ್ಯಾಲೂ ಗದ್ದಬಾವು ಹತ್ತತದೇನು?"

ಜಬೀನ್‌ಳಿಗೆ ಗೊತ್ತಿಲ್ಲದ ವಿಷಯ ಮಾನ್ವಿ ಊರಲ್ಲೇ ಇಲ್ಲ. ಹಾಗಂತ ಜಬೀನ್‌ಳೇ ತಿಳಿದುಕೊಂಡಿದ್ದಾಳೆ. "ಹತ್ತತದ ಮತ್ತ! ಒಳಗ ಅಡಗಿ ಕುಂತಿರತದ. ಟೈಮ್ ನೋಡಿ ಹೊರಗ ಬರತದ," ಎಂದಳು ದೊಡ್ಡ ಡಾಕ್ಟರಂತೆ.

ಮುಗಿಯಿತು. ಅಜ್ಜಿಗೆ ಬಾವು ಹತ್ತಿಸಿದ್ದು ನಾನೇ! ಬಂಗಾರದ ಸರ ಹಾಕಿ ಇಳಿಸಿಬಿಡೋಣ ಎಂದು ಹೋದರೆ ಅದೂ ಹೀಗಾಯಿತು.

ಆ ಸಂಜೆ ರತ್ನಿ ಒಂದು ಕಡೆ ನಿಲ್ಲಲಿಲ್ಲ. ಅಂಗಳಕ್ಕೆ ಹೋದಳು, ಮಾಳಿಗೆ ಹತ್ತಿದಳು, ಇಳಿದಳು, ಪುಸ್ತಕ ತೆಗೆದಳು, ಮುಚ್ಚಿದಳು. ಇನ್ನು ಮುಂದೆ ಅಜ್ಜಿಯ ಹತ್ತಿರ ಸುಳಿಯಲೇಬಾರದು ಎಂದು ನಿರ್ಧಾರ ಮಾಡಿದಳು. ನನ್ನಿಂದ ಅವಳಿಗೆ ಮತ್ತೆ ಏನಾದರೂ ಹತ್ತಿದರೆ?

"ಬಾ ಬೇ ರತ್ನಿ, ಕತಿ ಹೇಳತೀನಿ," ಎಂದು ಅಜ್ಜಿ ಕರೆದಳು.

"ಹೋಂವರ್ಕ್ ಅದ ಅಜ್ಜಿ," ಎಂದಳು ರತ್ನಿ ಹೊಸ್ತಿಲಾಚೆಯಿಂದಲೇ.

ದಿನಾ ಅಜ್ಜಿಯ ಮಗ್ಗುಲಲ್ಲಿ ಮಲಗುವವಳು ಅಂದು ದಿಂಬು ಎತ್ತಿಕೊಂಡು ಅವ್ವನ ಹತ್ತಿರ ಹೋದಳು.

ಭಾನುವಾರ ಬೆಳಿಗ್ಗೆ ಅವ್ವನಿಗೆ ಅಜ್ಜಿ ಹೇಳುತ್ತಿದ್ದ ಮಾತು ರತ್ನಿಯ ಕಿವಿಗೆ ಬಿತ್ತು.

"ಕೂಸು ನನ್ನ ಹತ್ರ ಬರವಲ್ದು. ಈ ಗಂಟು ನೋಡಿ ಹೇಸಿಕೊಂಡದ ಕಾಣತದ. ಸಣ್ಣ ಕೂಸು, ಅದರದೇನು ತಪ್ಪು? ನಾನೇ ಸೆರಗು ಸುತಗೊಂಡು ಕೂಡತೀನಿ ಬಿಡು."

ಅಂಥ ಬಿಸಿಲಿನಲ್ಲಿ ಅಜ್ಜಿ ಸೀರೆಯ ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡು ಕೂತಳು. ಬಟ್ಟೆ ಗಂಟಿಗೆ ತಿಕ್ಕಿದಾಗೆಲ್ಲ ಮುಖ ಕಿವುಚಿಕೊಳ್ಳುತ್ತಿದ್ದಳು. ರತ್ನಿ ಬಾಗಿಲ ಸಂದಿಯಿಂದ ನೋಡಿದಳು. ಹಾಗಲ್ಲ ಅಜ್ಜಿ, ಹಾಗಲ್ಲ ಎಂದು ಕೂಗಬೇಕೆನಿಸಿತು. ಕೂಗಿದರೆ ನಿಜ ಹೇಳಬೇಕಲ್ಲ! ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಸೋಮವಾರ ಅಜ್ಜಿಯನ್ನು ರಾಯಚೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವ ದಿನ. ಅಷ್ಟರಲ್ಲಿ ರತ್ನಿಯ ತಲೆಯಲ್ಲಿ ಇನ್ನೊಂದು ಹುಳ ಹೊಕ್ಕಿತ್ತು. ಇದು ಗದ್ದಬಾವು ಅಂತ ಡಾಕ್ಟರಿಗೆ ಗೊತ್ತೇ ಇಲ್ಲ. ಗೊತ್ತಿಲ್ಲದೆ ಬೇರೆ ಯಾವುದೋ ಗುಳಿಗೆ ಕೊಡುತ್ತಿದ್ದಾರೆ. ಅದಕ್ಕೇ ಅಜ್ಜಿಗೆ ಗುಣವಾಗುತ್ತಿಲ್ಲ. ಹಾಗಾದರೆ ಯಾರಾದರೂ ಹೋಗಿ ನಿಜ ಹೇಳಲೇಬೇಕು.

"ನಾನೂ ಬರತೀನಿ," ಎಂದಳು.

"ಸಾಲಿ?" ಎಂದು ಅವ್ವ ಕಣ್ಣು ಬಿಟ್ಟಳು.

"ಹೊಟ್ಟಿ ನೋಯಾಕತ್ತದ."

"ಸೋಮವಾರ ಬಂದ್ರ ನಿನ್ನ ಹೊಟ್ಟಿಗಿ ಗೊತ್ತಾಗತದ ನೋಡು!"

"ಬರಲಿ ಬಿಡು. ನಮ್ಮ ಜೋಡಿ ಬರತೀನಿ ಅಂತ ತಾನೇ ಕೇಳಾಕತ್ತದ," ಎಂದಳು ಅಜ್ಜಿ. ಅವಳ ದನಿಯಲ್ಲಿ ಸಂತೋಷ ಇತ್ತು. ಅದನ್ನು ಕೇಳಿ ರತ್ನಿಗೆ ಇನ್ನಷ್ಟು ಕಷ್ಟವಾಯಿತು.

ಬಸ್ಸಿನಲ್ಲಿ ಅಜ್ಜಿ ತನ್ನ ಪಕ್ಕದ ಸೀಟನ್ನು ಕೈಯಿಂದ ಒರೆಸಿ ಇಟ್ಟಳು. ರತ್ನಿ ಹೋಗಿ ಆಚೆ ಸಾಲಿನಲ್ಲಿ, ಸೊಪ್ಪಿನ ಬುಟ್ಟಿ ಹಿಡಿದ ಹೆಂಗಸಿನ ಪಕ್ಕ ಕೂತಳು. ರಸ್ತೆಯ ಗುಂಡಿಗೆ ಬಸ್ಸು ಕುಕ್ಕಿದಾಗಲೆಲ್ಲ ಅಜ್ಜಿ ಎರಡೂ ಅಂಗೈಯಿಂದ ಕುತ್ತಿಗೆ ಹಿಡಿದುಕೊಳ್ಳುತ್ತಿದ್ದಳು. ರತ್ನಿ ಡ್ರೈವರನನ್ನು ಮನಸ್ಸಿನಲ್ಲೇ ಬೈದಳು. ಕಲ್ಮಲ ಊರು ದಾಟುವ ಹೊತ್ತಿಗೆ ಡಾಕ್ಟರಿಗೆ ಹೇಳಬೇಕಾದ ಮಾತನ್ನು ಹತ್ತಾರು ಸಲ ಉರು ಹೊಡೆದಿದ್ದಳು. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಎಲ್ಲಾ ಮರೆತುಹೋಯಿತು.

ಡಾಕ್ಟರಮ್ಮ ಕನ್ನಡಕ ಏರಿಸಿ, "ಬರ್ರಿ ವೀರಭದ್ರಮ್ಮ," ಎಂದು ಅಜ್ಜಿಯನ್ನು ಕೂಡಿಸಿಕೊಂಡರು. "ಮೊದಲ ಆ ಸೆರಗು ತಗೀರಿ. ತಿಕ್ಕತದ, ಇನ್ನೂ ನೋವು ಆಗತದ." ಗದ್ದ, ಕುತ್ತಿಗೆ, ಕಂಕುಳನ್ನು ಬೆರಳ ತುದಿಯಿಂದ ಹೂವು ಮುಟ್ಟಿದಂತೆ ಮುಟ್ಟಿ ನೋಡಿದರು. ಜ್ವರ ಬಂದಿತ್ತಾ, ರಾತ್ರಿ ಬೆವರುತ್ತೀರಾ ಎಂದು ಕೇಳಿದರು. ಗದ್ದದ ಕೆಳಗೆ ಬಂದಾಗ ಅವರ ಬೆರಳು ನಿಂತಿತು.

"ಇಲ್ಲಿ ಬಾಳ ನೋವು ಅದ ಅಂತೀರಿ. ಯಾರರ ಒತ್ತಿದ್ರೇನು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ರತ್ನಿ ಬಾಗಿಲ ಬಳಿಯಿಂದಲೇ ಕೂಗಿಬಿಟ್ಟಳು.

"ನಾನೇ! ನಾನೇ ಒತ್ತೀನಿ. ಹತ್ತಿಸಿದ್ದೂ ನಾನೇ! ಇದು ಗದ್ದಬಾವು ರೀ ಡಾಕ್ಟರ್, ನೀವು ಬ್ಯಾರೆ ಗುಳಿಗಿ ಕೊಡಾಕತ್ತೀರಿ. ಹೋದ ಬ್ಯಾಸಿಗ್ಯಾಗ ನನಗ ಬಂದಿತ್ತು. ನಾ ಕುಡದು ಬಿಟ್ಟ ಗಂಜಿ ಅಜ್ಜಿ ಕುಡದಾಳ, ಅದೇ ಚಮಚಾದಾಗ! ಅದಕ್ಕೇ ಬಂದದ!"

ಹೇಳುತ್ತ ಹೇಳುತ್ತ ದನಿ ಅಳುವಿನಲ್ಲಿ ಮುಳುಗಿಹೋಯಿತು.

"ಇದಕ್ಕೇನಬೇ ನೀ ನನ್ನ ಹತ್ರ ಬರಲಾರದ್ದು? ಇದಕ್ಕ?" ಎಂದಳು ಅಜ್ಜಿ. ಅವಳು ನಗಲು ಹೋದಳು, ಕಣ್ಣಲ್ಲಿ ನೀರು ಬಂತು.

ಡಾಕ್ಟರಮ್ಮ ಸ್ಟೂಲು ಎಳೆದು ರತ್ನಿಯನ್ನು ಎದುರಿಗೆ ಕೂಡಿಸಿದರು.

"ನೋಡಮ್ಮಾ, ಇದು ಗದ್ದಬಾವು ಅಲ್ಲ. ಇದರ ಹೆಸರು ಲುಕೇಮಿಯಾ. ರಕ್ತದ ಕ್ಯಾನ್ಸರ್. ನಿಮ್ಮ ಅಜ್ಜಿಗೆ ಇರೋದು ನಿಧಾನಕ್ಕ ಬೆಳಿಯೋದು. ರಕ್ತದಾಗ ಬಿಳಿ ಕಣ ಅಂತ ಇರತಾವ. ಅವು ಬೇಕಾದ್ದಕ್ಕಿಂತ ಹೆಚ್ಚು ಆಗಿ ಈ ಗಂಟಿನೊಳಗ ತುಂಬಿಕೊಂಡಾವ. ಇದು ಒಬ್ಬರಿಂದ ಒಬ್ಬರಿಗೆ ಹತ್ತಂಗಿಲ್ಲ. ನಿಮ್ಮ ಅಜ್ಜಿಗೆ ಇದು ಬಂದು ಮೂರು ವರ್ಷ ಆತು. ನಿನಗ ಮಂಪ್ಸ್ ಬಂದದ್ದು ಯಾವಾಗ?"

"ಹೋದ ವರ್ಷ..."

"ಮತ್ತ? ಯಾವುದು ಮೊದಲ?"

ರತ್ನಿ ಮೂಗು ಒರೆಸಿಕೊಂಡಳು. ಎದೆಯ ಮೇಲಿದ್ದ ಬಂಡೆ ಒಮ್ಮೆಲೇ ಉರುಳಿದಂತಾಯಿತು. ಆದರೆ ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬಂತು.

"ಹಂಗಾರ ಇದು ಹೋಗತದೇನ್ರಿ?"

ಡಾಕ್ಟರಮ್ಮ ಅಜ್ಜಿಯ ಮುಖ ನೋಡಿದರು. ಹೇಳಿ ಎಂಬಂತೆ ಅಜ್ಜಿ ತಲೆಯಾಡಿಸಿದಳು.

"ಪೂರಾ ಹೋಗಂಗಿಲ್ಲ. ಇವತ್ತಿಂದ ಹೊಸ ಗುಳಿಗಿ ಕೊಡತೀನಿ. ಗಂಟು ಸಣ್ಣ ಆಗತಾವ, ನೋವು ಇಳಿತದ. ಮುಂದ ಮತ್ತ ಬಂದ್ರ ಮತ್ತ ನೋಡೋಣು. ಅಲ್ಲೀತನ ಒತ್ತಬಾರದು, ಎಣ್ಣಿ ಹಚ್ಚಿ ತಿಕ್ಕಬಾರದು, ಕೊರಳಿಗೆ ಬಿಗಿಯಾಗಿ ಏನೂ ಕಟ್ಟಬಾರದು. ಉಗುರುಬೆಚ್ಚನ ನೀರಾಗ ಬಟ್ಟಿ ಅದ್ದಿ ಮೆಲ್ಲಕ ಇಟ್ರ ಹಿತ ಅನಸತದ. ಜ್ವರ ಬಂದ್ರ ಮಾತ್ರ ತಡ ಮಾಡಬ್ಯಾಡ್ರಿ."

ಬರೆಯಲು ಪೆನ್ನು ಎತ್ತಿದವರು ಥಟ್ಟನೆ ನಿಂತರು. ಅಜ್ಜಿಯ ಕಡೆ ತಿರುಗಿದರು.

"ಏನ್ರಿ ವೀರಭದ್ರಮ್ಮ, ಗಂಜಿ ಕುಡದಿದ್ದು ಖರೇನಾ? ಈ ಹುಡುಗಿಗೆ ಮಂಪ್ಸ್ ಬಂದಾಗ ನಾ ಫೋನಿನ್ಯಾಗ ಏನು ಹೇಳಿದ್ದೆ? ನಿಮ್ಮ ಮೈಯಾಗ ರೋಗ ತಡಿಯೋ ಶಕ್ತಿ ಕಡಿಮಿ ಅದ, ಆಕಿ ಮಲಗೋ ಕ್ವಾಣಿಯೊಳಗ ಸೈತ ಹೋಗಬ್ಯಾಡ್ರಿ ಅಂದಿದ್ದಿಲ್ಲಾ? ನಿಮ್ಮ ಪುಣ್ಯಾ, ಏನೂ ಆಗಲಿಲ್ಲ!"

"ಅತ್ತಿ! ದೂರ ಇರತೀನಿ ಅಂತ ನನ್ನ ಮುಂದ ಹೇಳಿದ್ರಲ್ಲಾ!" ಎಂದಳು ಅವ್ವ.

ಹೋಂವರ್ಕ್ ಮಾಡದೆ ಸಿಕ್ಕಿಬಿದ್ದ ಹುಡುಗಿಯಂತೆ ಅಜ್ಜಿ ನೆಲ ನೋಡುತ್ತ ಕೂತಳು. "ಅದು ನರಳಾಕತ್ತಿತ್ತು," ಎಂದಳು ಕೊನೆಗೆ. "ದೂರ ಹೆಂಗ ಕೂಡಲಿ?"

ಗುಳಿಗೆ ತರಲು ಅವ್ವ ಕೆಳಗೆ ಹೋದಳು. ಹೊರಗಿನ ಉದ್ದ ಬೆಂಚಿನ ಒಂದು ತುದಿಗೆ ಅಜ್ಜಿ ಕೂತಳು. ರತ್ನಿ ಇನ್ನೊಂದು ತುದಿಯಲ್ಲಿ ನಿಂತಿದ್ದಳು. ಗಂಜಿಯಿಂದ ಹತ್ತುತ್ತದೆ ಎಂದು ರತ್ನಿಗೆ ತಿಳಿದದ್ದು ಮೊನ್ನೆ. ಅಜ್ಜಿಗೆ ಅದು ಗಂಜಿ ಕುಡಿಯುವಾಗಲೇ ಗೊತ್ತಿತ್ತು.

"ಅಜ್ಜಿ, ಆವಾಗ ನಿನಗ ಅಂಜಿಕಿ ಆಗಿದ್ದಿಲ್ಲೇನು?"

"ಆಗಿತ್ತು ಬೇ," ಎಂದಳು ಅಜ್ಜಿ. "ಬಾಳ ಆಗಿತ್ತು."

ರತ್ನಿ ಒಂದು ಹೆಜ್ಜೆ ಹತ್ತಿರ ಬಂದಳು.

"ಯಾವ ಕಡಿ ನೋವು ಕಡಿಮಿ ಅದ?"

"ಎಡಕ್ಕ."

ರತ್ನಿ ಹೋಗಿ ಅಜ್ಜಿಯ ಎಡಗಡೆ ಕೂತಳು. ಗಂಟಿಗೆ ಒತ್ತದಂತೆ, ಆದರೆ ಅಜ್ಜಿಯ ತೋಳು ತನ್ನ ತೋಳಿಗೆ ತಾಗುವಂತೆ ಸರಿದು ಕೂತಳು. ಗುಳಿಗೆ ತೆಗೆದುಕೊಂಡು ಅವ್ವ ಮೇಲೆ ಬರುವವರೆಗೂ ಅವಳು ಅಲ್ಲಾಡಲಿಲ್ಲ.